ಅಂಚೆ ವ್ಯಾನಿನ ಮುಂದಿನ ಸೀಟು

ಬೀದಿಯವರೆಲ್ಲ ಅವಳನ್ನು ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಗಂಡನ ಬಾಯಲ್ಲಿ ಮಾತ್ರ ಉಳಿದಿತ್ತು. ಅವನೂ ಅದನ್ನು ಕೋಪ ಬಂದಾಗಷ್ಟೇ ಹೊರಗೆ ತೆಗೆಯುತ್ತಿದ್ದ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಗಂಡ ಹೆಂಡತಿ ಸೇರಿ ಒಂದು ಲಾಂಡ್ರಿ ನಡೆಸುತ್ತಿದ್ದರು. ಮುಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಎರಡು ಆವಿ ಇಸ್ತ್ರಿಪೆಟ್ಟಿಗೆ, ಗೋಡೆಯುದ್ದಕ್ಕೂ ನೇತಾಡುವ ಅಂಗಿಗಳು. ಹಿಂದಿನ ಕೋಣೆಯಲ್ಲಿ ಗುಡುಗುಡು ಎನ್ನುವ ಯಂತ್ರಗಳು, ಯಂತ್ರಕ್ಕೆ ಜಗ್ಗದ ಕಲೆಗಳಿಗಾಗಿ ಒಂದು ಕಲ್ಲಿನ ತೊಟ್ಟಿ. ಊರಿನವರ ಮುಖಕ್ಕಿಂತ ಅವರ ಕಾಲರುಗಳ ಪರಿಚಯ ಅವಳಿಗೆ ಹೆಚ್ಚು. ಯಾರು ಉಣ್ಣುವಾಗ ಎದೆಯ ಮೇಲೆ ಚೆಲ್ಲಿಕೊಳ್ಳುತ್ತಾರೆ, ಯಾರು ಬಡ್ತಿ ಸಿಕ್ಕಮೇಲೆ ತೋಳು ಮಡಚುವುದನ್ನು ಬಿಟ್ಟರು, ಎಲ್ಲ ಗೊತ್ತು. ಆದರೆ ಅದೇ ಗಿರಾಕಿ ಎದುರಿಗೆ ಬಂದು ನಿಂತರೆ, "ನಿಮ್ಮದು ಯಾವುದು?" ಎಂದು ಕೇಳುವವಳು.

ಪ್ರಯಾಣವೆಂದರೆ ಅವಳಿಗೆ ಆಗಿಬರುತ್ತಿರಲಿಲ್ಲ. ನೆಂಟರ ಮನೆಗೆ ಹೋದರೂ ಸಂಜೆಯೊಳಗೆ ವಾಪಸ್ಸು. ಪರರ ಮನೆಯ ದಿಂಬಿನ ಚೀಲ ನೋಡಿದರೇ ತನ್ನ ನಿದ್ದೆ ಹಾರಿಹೋಗುತ್ತದೆ ಎನ್ನುತ್ತಿದ್ದಳು. ದೇಶ ಸುತ್ತುವ ಹುಚ್ಚು ಇದ್ದದ್ದು ನಾದಿನಿಗೆ.

ನಾದಿನಿ ಎಂದರೆ ಗಂಡನ ತಂಗಿ. ಮದುವೆಯ ಗೋಜಿಗೆ ಹೋಗದೆ ಅದೇ ಮನೆಯ ಮಹಡಿಯ ಕೋಣೆಯಲ್ಲಿ ಇದ್ದವಳು. ದೊಡ್ಡ ರಸ್ತೆಯ ಔಷಧಿ ಅಂಗಡಿಯಲ್ಲಿ ಕೆಲಸ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮಾತ್ರೆಗಳ ಡಬ್ಬಗಳ ಸಂದಿಯಿಂದ ಕಾಡುಪ್ರಾಣಿಗಳ ಪುಸ್ತಕ ಹೊರಗೆ ಬರುತ್ತಿತ್ತು. ಯಾವ ಹಕ್ಕಿ ಯಾವ ಸಮುದ್ರ ದಾಟಿ ಎಲ್ಲಿ ಮೊಟ್ಟೆಯಿಡುತ್ತದೆ ಎಂದು ಕೇಳಿದರೆ ಕೆಮ್ಮಿನ ಔಷಧಿ ಕೇಳಿದಷ್ಟೇ ಸಲೀಸಾಗಿ ಹೇಳುತ್ತಿದ್ದಳು. ಕೇಳದಿದ್ದರೂ ಹೇಳುತ್ತಿದ್ದಳು. ಅತ್ತಿಗೆ ನಾದಿನಿಯರದು ಮೊದಲಿನಿಂದಲೂ ಎಣ್ಣೆ ಸೀಗೇಕಾಯಿ ಸಂಬಂಧ. ಕಿಟಕಿ ತೆರೆದಿರಬೇಕೆಂದು ಒಬ್ಬಳು, ಮುಚ್ಚಿರಬೇಕೆಂದು ಇನ್ನೊಬ್ಬಳು. ಒಂದೇ ನಲ್ಲಿಯಲ್ಲಿ ನೀರು ಹಿಡಿಯುವಾಗ ಇಬ್ಬರೂ ಎದುರುಗಡೆಯ ಗೋಡೆಗೆ ಮಾತು ಹೇಳುತ್ತಿದ್ದರು. ದೊಡ್ಡ ಜಗಳ ಎಂದೂ ಆದದ್ದಿಲ್ಲ. ಸಣ್ಣದು ನಿಂತದ್ದೂ ಇಲ್ಲ.

ಆ ವರ್ಷ ನಾದಿನಿ ಜೊತೆಗಾತಿಯೊಬ್ಬಳೊಂದಿಗೆ ದೂರದ ದೇಶವೊಂದಕ್ಕೆ ಹೋಗುವುದೆಂದು ನಿಶ್ಚಯಿಸಿಕೊಂಡಿದ್ದಳು. ಟಿಕೆಟ್ಟು ತೆಗೆಸುವ ಹೊತ್ತಿಗೆ ಜೊತೆಗಾತಿ ಕೈಕೊಟ್ಟಳು. ನಾದಿನಿ ಎರಡು ದಿನ ಮಹಡಿಯಿಂದ ಇಳಿಯಲಿಲ್ಲ. ಮೂರನೆಯ ದಿನ ಅಂಗಡಿಯ ಮೇಜಿನ ಮುಂದೆ ಬಂದು ನಿಂತು, ಯಾರದೋ ಕೋಟಿನ ಗುಂಡಿ ಹಾಕುತ್ತ ತೆಗೆಯುತ್ತ, "ಅತ್ತಿಗೆ, ನೀನು ಬಾ" ಎಂದಳು.

"ನಾನಾ? ನಿನಗೇನು ತಲೆ ಕೆಟ್ಟಿದೆಯಾ?"

"ಕೆಟ್ಟಿದೆ ಅಂತಲೇ ಇಟ್ಕೋ. ಒಬ್ಬಳೇ ಹೋಗೋಕೆ ನನಗೆ ಧೈರ್ಯ ಇಲ್ಲ."

ಅಷ್ಟು ವರ್ಷಗಳಲ್ಲಿ ನಾದಿನಿಯ ಬಾಯಿಂದ ಧೈರ್ಯ ಇಲ್ಲ ಎಂಬ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಗಂಡನ ಮುಖ ನೋಡಿದಳು. ಅವನು ಮೊದಲೇ ಮಾತು ಕಮ್ಮಿಯ ಮನುಷ್ಯ. "ಹೋಗಿ ಬಾ. ಅಂಗಡಿ ನಾನು ನೋಡ್ಕೊಳ್ತೀನಿ. ನೀನಿಲ್ಲದೆ ಇದ್ರೆ ಅಂಗಿಗಳೇನೂ ಅಳೋಲ್ಲ" ಎಂದ.

ಹೀಗೆ ಇಸ್ತ್ರಿಯಕ್ಕ ವಿಮಾನ ಹತ್ತಿದಳು.

ನಾದಿನಿ ಹಾಕಿಕೊಂಡ ಕಾರ್ಯಕ್ರಮದಲ್ಲಿ ಉಸಿರಾಡಲು ಪುರುಸೊತ್ತು ಇರಲಿಲ್ಲ. ಸರೋವರ, ಜಲಪಾತ, ಹಿಮದ ಬೆಟ್ಟ, ಹಳೆಯ ಕೋಟೆ, ಒಂದಾದ ಮೇಲೊಂದು. ಕೊನೆಗೆ, ಸಿಹಿತಿಂಡಿಯನ್ನು ಕೊನೆಗೆ ಇಟ್ಟುಕೊಳ್ಳುವ ಮಕ್ಕಳಂತೆ, ದೂರದ ಒಂದು ಅಭಯಾರಣ್ಯ. ಅಲ್ಲಿ ಬೀವರ್ ಎಂಬ ಪ್ರಾಣಿಯನ್ನು ನೋಡುವುದು ಅವಳ ಜೀವಮಾನದ ಆಸೆ. ಮರ ಕಡಿದು ಹೊಳೆಗೆ ಕಟ್ಟೆ ಕಟ್ಟುವ ಪ್ರಾಣಿ ಎಂದು ವಿಮಾನದಲ್ಲಿ ಕೂತವಳು ಕೂತಲ್ಲೇ ವಿವರಿಸಿದಳು. ಇಸ್ತ್ರಿಯಕ್ಕ ಕಿವಿಗೆ ಹತ್ತಿ ತುರುಕಿಕೊಂಡಿದ್ದರಿಂದ ಅದರಲ್ಲಿ ಕಾಲು ಭಾಗವೂ ಒಳಗೆ ಹೋಗಲಿಲ್ಲ.

ನಗರದಿಂದ ಬಸ್ಸಿನಲ್ಲಿ ಇಡೀ ದಿನ ಬಂದು, ಮೊದಲ ರಾತ್ರಿ ತಂಗಲೆಂದು ಒಂದು ಹಳ್ಳಿಯ ಹೊಲಮನೆಯಲ್ಲಿ ಇಳಿದರು. ಬೆಳ್ಳಗಿನ ಕಾಂಡದ ಮರಗಳ ನಡುವೆ ಕೆಂಪು ಬಣ್ಣದ ಮರದ ಮನೆ. ಬೆನ್ನು ಬಾಗಿದ, ಆದರೆ ಕೈ ಗಟ್ಟಿಯಿದ್ದ ಒಬ್ಬ ಮುದುಕಿ ಅದರ ಒಡತಿ. ಅವಳಿಗೆ ತನ್ನ ಮಾತು ಬಿಟ್ಟರೆ ಬೇರೆ ಮಾತು ಬಾರದು. ಮರುದಿನ ಬೆಳಿಗ್ಗೆ ಹೊರಡಲೆಂದು ಪೆಟ್ಟಿಗೆ ಹೊರಗಿಟ್ಟಿದ್ದಾಯಿತು. ನಾದಿನಿ ದುರ್ಬೀನು ಕಣ್ಣಿಗೆ ಹಿಡಿದು, ತಲೆಯ ಮೇಲೆ ಹಾರಿಹೋಗುತ್ತಿದ್ದ ಏನನ್ನೋ ನೋಡುತ್ತ ನೋಡುತ್ತ ಹಿಂದೆ ಸರಿದಳು. ಜಗಲಿ ಮುಗಿದುಹೋದದ್ದು ಅವಳಿಗೆ ತಿಳಿಯಲಿಲ್ಲ.

ಪಾದದ ಮೇಲಿನ ಮೂಳೆ ಮುರಿದಿತ್ತು. ಒಡತಿ ಯಾರಿಗೋ ಫೋನು ಮಾಡಿ ಕಾರು ತರಿಸಿದಳು. ಹತ್ತಿರದ ಪಟ್ಟಣದ ವೈದ್ಯ ಪ್ಲಾಸ್ಟರ್ ಹಾಕಿ, ಮೂರು ವಾರ ಕಾಲು ನೆಲಕ್ಕೆ ತಾಗಿಸಬಾರದೆಂದ. ಅವನು ಬರೆದುಕೊಟ್ಟ ಮಾತ್ರೆಗಳನ್ನು ನೋಡಿ ನಾದಿನಿ, ಇದಕ್ಕಿಂತ ಒಳ್ಳೆಯದು ಇದೆ ಎಂದು ಆ ನೋವಿನಲ್ಲೂ ವಾದ ಮಾಡಿದಳು. ಹೊಲಮನೆಗೆ ವಾಪಸ್ಸು ಬಂದು ಹಾಸಿಗೆಯ ಮೇಲೆ ಕಾಲು ಚಾಚಿದ ಮೇಲೆ ಮಾತ್ರ ವಾದವೆಲ್ಲ ನಿಂತುಹೋಯಿತು. ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಅತ್ತಿಗೆ ತಂದ ಹಾಲು ತಣ್ಣಗಾಯಿತು, ಬಿಸಿ ಮಾಡಿ ತಂದದ್ದೂ ತಣ್ಣಗಾಯಿತು.

"ಊರಿಗೆ ಹೋಗೋಣ್ವಾ?"

"ಈ ಕಾಲಿಟ್ಕೊಂಡು ವಿಮಾನದಲ್ಲಿ ಕೂರೋಕಾಗಲ್ಲ ಅಂದ್ರಲ್ಲ ಡಾಕ್ಟ್ರು."

"ಹಾಗಾದ್ರೆ ಇಲ್ಲೇ ಇರೋಣ."

"ಇಲ್ಲೇನಿದೆ ಮಣ್ಣು" ಎಂದಳು ನಾದಿನಿ ಗೋಡೆಗೆ.

ಇಸ್ತ್ರಿಯಕ್ಕನಿಗೆ ಕೈಕಟ್ಟಿ ಕೂರುವುದು ಗೊತ್ತಿರಲಿಲ್ಲ. ಮೊದಲ ದಿನ ತಮ್ಮಿಬ್ಬರ ಬಟ್ಟೆ ಒಗೆದಳು. ಎರಡನೆಯ ದಿನ ಹಾಸಿಗೆಯ ಹೊದಿಕೆ. ಮೂರನೆಯ ದಿನ ಕಿಟಕಿಯ ಪರದೆಗಳನ್ನು ಬಿಚ್ಚುತ್ತಿರುವಾಗ ಒಡತಿ ಕಂಡಳು. ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದಳು. ಬಳಿಕ ಬಂದು ಬಕೆಟ್ಟನ್ನು ಕೈಯಿಂದ ಕಿತ್ತುಕೊಂಡು, ಮೂಲೆಯಲ್ಲಿದ್ದ ತನ್ನದೇ ರಬ್ಬರು ಬೂಟುಗಳನ್ನು ಅವಳ ಕಾಲ ಬಳಿ ಇಟ್ಟು, ಬಾಗಿಲ ಕಡೆಗೆ ಬೆರಳು ತೋರಿಸಿದಳು. ಏನೋ ಒಂದು ಮಾತನ್ನೂ ಹೇಳಿದಳು. ಅದರ ಅರ್ಥ ತಿಳಿಯಲು ಭಾಷೆ ಬೇಕಿರಲಿಲ್ಲ.

ಹೊರಗೆ ಹೋಗಿ ಮಾಡುವುದೇನು ಎಂಬುದೇ ಅವಳಿಗೆ ಹೊಳೆಯಲಿಲ್ಲ. ಊರಿನಲ್ಲಿ ಅವಳು ನಡೆದದ್ದೆಲ್ಲ ಯಾವುದಾದರೊಂದು ಬಾಗಿಲಿಗೆ. ಇಲ್ಲಿ ಬಾಗಿಲುಗಳೇ ಇಲ್ಲ, ಬರೀ ದಾರಿ. ಕುರಿಗಳು ತುಳಿದು ಮಾಡಿದ ಒಂದು ಕಾಲುದಾರಿ ಹಿಡಿದಳು. ಅದು ಹುಲ್ಲುಗಾವಲು ದಾಟಿ, ಕಾಡಿನ ಅಂಚಿಗೆ ಹೋಗಿ, ಎರಡಾಗಿ ಸೀಳಿ, ಕೊನೆಗೆ ತಾನೇ ಮರೆತುಹೋದಂತೆ ಪೊದೆಯೊಂದರಲ್ಲಿ ಮುಗಿಯಿತು. ತಿರುಗಿ ನೋಡಿದರೆ ಕೆಂಪು ಮನೆ ಕಾಣದು. ಹೇಗೋ ಒಂದು ಡಾಂಬರು ರಸ್ತೆಗೆ ಬಂದು, ಹಾಲಿನ ಕ್ಯಾನು ಇಡುವ ಮರದ ಕಟ್ಟೆಯೊಂದರ ಮೇಲೆ ಕುಳಿತಳು. ಯಾರಾದರೂ ಬಂದೇ ಬರುತ್ತಾರೆ, ಕ್ಯಾನಾದರೂ ಬರಬೇಕಲ್ಲ ಎಂಬ ಲೆಕ್ಕ.

ಬಂದದ್ದು ಹಳದಿ ಬಣ್ಣದ ಸಣ್ಣ ವ್ಯಾನು. ಅದನ್ನು ಓಡಿಸುತ್ತಿದ್ದವಳು ಆ ಕಡೆಯ ಹಳ್ಳಿಗಳಿಗೆಲ್ಲ ಅಂಚೆ ಹಂಚುವವಳು. ನಲವತ್ತರ ಆಸುಪಾಸು, ಗಂಡುದನಿ, ಸಮವಸ್ತ್ರದ ಅಂಗಿಯ ಎರಡನೆಯ ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು. ಇಸ್ತ್ರಿಯಕ್ಕ ಮೊದಲು ನೋಡಿದ್ದು ಆ ಗುಂಡಿಯನ್ನೇ. ಇಬ್ಬರಿಗೂ ಹರುಕುಮುರುಕಾಗಿ ಬರುತ್ತಿದ್ದದ್ದು ಇಂಗ್ಲಿಷ್ ಒಂದೇ. ಅದರ ಚೂರುಗಳನ್ನು ಜೋಡಿಸಿಕೊಂಡು ಮಾತಾಡಿದರು.

"ದಾರಿ ತಪ್ಪಿತಾ?"

"ಇಲ್ಲ. ದಾರಿಯೇ ನನ್ನ ಬಿಟ್ಟು ಹೋಯ್ತು."

ಅಂಚೆಯವಳು ಸ್ಟೇರಿಂಗ್ ತಟ್ಟಿ ನಕ್ಕಳು. ಕಾಲು ಮುರಿದ ವಿದೇಶಿ ಹೆಂಗಸಿನ ಸುದ್ದಿ ಕಾಗದಗಳಿಗಿಂತ ಮುಂಚೆಯೇ ಎಲ್ಲ ಮನೆಗಳಿಗೂ ಮುಟ್ಟಿತ್ತು. "ಹತ್ತು. ಆದ್ರೆ ನೇರ ಮನೆಗೆ ಹೋಗೋಕಾಗಲ್ಲ. ನನ್ನ ಸುತ್ತು ಮುಗೀಬೇಕು."

ಆ ಸುತ್ತು ಮುಗಿಯುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಕೆಂಪು ಮನೆಯ ಮುಂದೆ ಇಳಿಸುತ್ತ ಅಂಚೆಯವಳು, ನಾಳೆಯೂ ಬರುವೆಯಾ ಎಂದು ಕೇಳಿದಳು. ಇಸ್ತ್ರಿಯಕ್ಕ ಏನು ಹೇಳಬೇಕೆಂದು ಯೋಚಿಸುವ ಮೊದಲೇ ತಲೆ ತಾನಾಗಿ ಆಡಿಬಿಟ್ಟಿತು.

ಅಂದು ಸಂಜೆ ನಾದಿನಿ, ಗೋಡೆಯ ಕಡೆಗಿದ್ದ ಮುಖವನ್ನು ಅರ್ಧ ಈಚೆಗೆ ತಂದು, "ಎಲ್ಲಿಗೆ ಹಾಳಾಗಿ ಹೋಗಿದ್ದೆ?" ಎಂದಳು.

"ಅಂಚೆ ಗಾಡೀಲಿ ಸುತ್ತಿ ಬಂದೆ."

"ಏನು ಕಂಡಿತು?"

"ಏನಿದೆ? ಮರ. ಹುಲ್ಲು. ಒಂದು ಹಕ್ಕಿ ಇತ್ತು."

"ಎಂಥ ಹಕ್ಕಿ?"

"ಎತ್ತರದ್ದು. ಬೂದು ಬಣ್ಣ. ಒಗೆದೂ ಒಗೆದೂ ಮಾಸಿದ ಪ್ಯಾಂಟಿನ ಬಣ್ಣ."

ಮುಖ ಪೂರ್ತಿ ಈಚೆಗೆ ಬಂತು. "ಒಂದೇನಾ, ಜೋಡೀನಾ? ತಲೆ ಮೇಲೆ ಕೆಂಪು ಇತ್ತಾ? ಕಾಲು ಯಾವ ಬಣ್ಣ?"

"ಕಾಲು ಯಾರು ನೋಡಿದ್ರು?"

"ಅಷ್ಟು ದೂರ ಹೋಗಿ ಕಾಲು ನೋಡದೆ ಬಂದ್ಯಾ?" ನಾದಿನಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಕ್ರೌಂಚ ಇರಬೇಕು ಅತ್ತಿಗೆ ಅದು. ಕ್ರೌಂಚ! ನಾಳೆ ಸರಿಯಾಗಿ ನೋಡ್ಕೊಂಡು ಬಾ."

ಮರುದಿನ ಇಸ್ತ್ರಿಯಕ್ಕ ಕಾಲು ನೋಡಿದಳು. ಕಪ್ಪು. ತಲೆಯ ಮೇಲೆ ಕೆಂಪಿನ ಒಂದು ಬೊಟ್ಟು. ಕೊಯ್ದ ಹೊಲದಲ್ಲಿ ಎರಡು ಹಕ್ಕಿಗಳು, ಅಂಗಡಿಗೆ ಬಂದು ಬೆಲೆ ಕೇಳದೆ ಸುತ್ತಾಡುವ ದೊಡ್ಡಮನುಷ್ಯರಂತೆ, ಬೆನ್ನ ಹಿಂದೆ ಕೈಕಟ್ಟಿಕೊಂಡಂತೆ ನಡೆಯುತ್ತಿದ್ದವು. ಅದನ್ನು ಹಾಗೆಯೇ ಹೇಳಿದಳು. ನಾದಿನಿ ನಕ್ಕಳು. ನಕ್ಕು, ಇನ್ನಷ್ಟು ಪ್ರಶ್ನೆ ಕೇಳಿದಳು. ಆ ಪ್ರಶ್ನೆಗಳಿಗೆ ಉತ್ತರ ತರಲೆಂದು ಮತ್ತೆ ಮರುದಿನ ಹೋಗಬೇಕಾಯಿತು.

ಹೀಗೇ ಅಭ್ಯಾಸವಾಯಿತು. ಬೆಳಿಗ್ಗೆ ಹಾಲಿನ ಕಟ್ಟೆಯ ಬಳಿ ಹಳದಿ ವ್ಯಾನು ನಿಲ್ಲುವುದು, ಅವಳು ಮುಂದಿನ ಸೀಟಿಗೆ ಹತ್ತಿ ಕಾಗದದ ಕಟ್ಟುಗಳನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು. ಯಾವ ಮನೆಯದು ಮೇಲೆ ಬರಬೇಕು, ಯಾವುದು ಕೆಳಗೆ ಎಂದು ಕೆಲವೇ ದಿನಗಳಲ್ಲಿ ಕೈಗೆ ಗೊತ್ತಾಯಿತು. ಅಂಗಿಗಳನ್ನು ಮನೆವಾರು ಜೋಡಿಸಿದ ಕೈಯಲ್ಲವೇ. ಒಂದು ತಿರುವಿನಲ್ಲಿ ದೋಣಿ ರಿಪೇರಿಯವನ ಕೊಟ್ಟಿಗೆ. ಅವನು ಮೈಯೆಲ್ಲ ಟಾರು ಬಳಿದುಕೊಂಡು, ಬಾಯಲ್ಲಿ ಮೊಳೆ ಕಚ್ಚಿಕೊಂಡೇ ನಮಸ್ಕಾರ ಹೇಳುತ್ತಿದ್ದ. ಗುಡ್ಡದ ಮೇಲೆ ಒಬ್ಬ ಅಜ್ಜಿ. ಅವಳಿಗೆ ಕಾಗದವೇ ಬರುತ್ತಿರಲಿಲ್ಲ, ಆದರೂ ವ್ಯಾನು ಅಲ್ಲಿಗೆ ಏರುತ್ತಿತ್ತು. ಅಂಚೆಯವಳು ಒಳಗೆ ಹೋಗಿ, ಬಿಗಿಯಾದ ಬಾಟಲಿಯ ಮುಚ್ಚಳ ತೆರೆದುಕೊಟ್ಟು, ಸೂಜಿಗೆ ದಾರ ಪೋಣಿಸಿಟ್ಟು ಬರುತ್ತಿದ್ದಳು.

"ಇದೂ ನಿನ್ನ ಕೆಲಸವಾ?"

"ಅಲ್ಲ. ಆದ್ರೆ ಇಲ್ಲಿಂದ ಕೆರೆ ಚೆನ್ನಾಗಿ ಕಾಣುತ್ತೆ" ಎಂದು ಅಂಚೆಯವಳು ಮಾತು ಹಾರಿಸಿದಳು.

ಕೆಳಗೆ ಹೊಳೆಯ ದಂಡೆಯಲ್ಲಿ ಇಬ್ಬರು ಮುದುಕ ಅಣ್ಣತಮ್ಮಂದಿರು. ಅಕ್ಕಪಕ್ಕದ ಮನೆ, ಒಂದೇ ಬೇಲಿ. ಯಾವ ಕಾಲದಲ್ಲೋ ಮಾತು ಬಿಟ್ಟವರು. ಇಬ್ಬರಿಗೂ ಅದೇ ಪತ್ರಿಕೆಯ ಎರಡು ಪ್ರತಿ. ಅಣ್ಣ ತನ್ನ ಪ್ರತಿಯನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದ; ತಮ್ಮ ತನ್ನ ಪ್ರತಿಯನ್ನು ಮಡಚಿಯೇ ಇಟ್ಟುಕೊಂಡು ಅದನ್ನು ಕೇಳುತ್ತಿದ್ದ. ಜಗಳ ಯಾತಕ್ಕೆ ಎಂದರೆ ಅಂಚೆಯವಳಿಗೂ ಗೊತ್ತಿಲ್ಲ. ಇಸ್ತ್ರಿಯಕ್ಕನಿಗೆ ಅದು ತೀರ ಪರದೇಶದ ಸಂಗತಿ ಎನಿಸಲಿಲ್ಲ. ತಮ್ಮ ಮನೆಯ ನಲ್ಲಿ ನೆನಪಿಗೆ ಬಂತು.

ಒಂದು ಬೆಳಿಗ್ಗೆ ತಿರುವಿನಲ್ಲಿ ವ್ಯಾನು ಗಕ್ಕನೆ ನಿಂತಿತು. ರಸ್ತೆಯ ನಡುವೆ ಕಡವೆಗಿಂತ ದೊಡ್ಡದಾದ, ಕುದುರೆಯಷ್ಟು ಎತ್ತರದ ಪ್ರಾಣಿ. ಅದರ ಪಕ್ಕದಲ್ಲಿ ಕಾಲುಗಳೇ ಮೈಯಾದ ಒಂದು ಮರಿ. ಅಂಚೆಯವಳು ಹಾರ್ನು ಮಾಡಲಿಲ್ಲ, ಇಂಜಿನು ಆರಿಸಿದಳು. ತಾಯಿ ಅವರ ಕಡೆಗೆ ತಿರುಗಿ ನೋಡಿತು. ಆ ನೋಟದಲ್ಲಿ ಹೆದರಿಕೆಯೂ ಇರಲಿಲ್ಲ, ಕುತೂಹಲವೂ ಇರಲಿಲ್ಲ. ಗಾಳಿ ಇತ್ತ ಬೀಸಿದಾಗ ಒದ್ದೆ ಕಂಬಳಿಯ ವಾಸನೆ ಬಂತು. ಇಸ್ತ್ರಿಯಕ್ಕನಿಗೆ ಯಾಕೋ ಕಣ್ಣಲ್ಲಿ ನೀರು ಬಂತು. ಮರಿ ಎಡವಿ, ಸಾವರಿಸಿಕೊಂಡು, ತಾಯಿಯ ಹಿಂದೆ ಮರಗಳೊಳಗೆ ಸೇರಿಹೋಯಿತು. ಸಂಜೆ ನಾದಿನಿ ಅದರ ಹೆಸರು ಹೇಳಿದಳು, ಮೂಸ್ ಎಂದು. ತೂಕ ಹೇಳಿದಳು, ಆಯುಷ್ಯ ಹೇಳಿದಳು. ಕಣ್ಣಲ್ಲಿ ನೀರು ಬಂದದ್ದನ್ನು ಇಸ್ತ್ರಿಯಕ್ಕ ಹೇಳಲಿಲ್ಲ.

ಗಂಡನಿಗೆ ಆಗಾಗ ಫೋನು ಮಾಡುತ್ತಿದ್ದಳು. "ಗಂಜಿಪುಡಿ ಎಲ್ಲಿಟ್ಟಿದ್ದೀಯಾ?" ಎಂಬುದು ಅವನ ಮೊದಲ ಪ್ರಶ್ನೆ. "ಕಪಾಟಿನ ಮೇಲೆ. ಇಲ್ಲಿ ಒಂದು ಪ್ರಾಣಿ ನೋಡಿದೆ ಕಣ್ರೀ, ನಮ್ಮ ಅಂಗಡಿ ಬಾಗಿಲಲ್ಲಿ ತೂರೋಲ್ಲ ಅದು" ಎಂದರೆ ಅತ್ತ ಕಡೆಯಿಂದ "ಹುಷಾರು" ಎಂಬ ಒಂದೇ ಮಾತು.

ಹೊಳೆಯ ಹತ್ತಿರದ ರಸ್ತೆಯಲ್ಲಿ ಒಂದು ದಿನ ನೀರು ನಿಂತಿತ್ತು. ಅಂಚೆಯವಳು ಗೊಣಗುತ್ತ ವ್ಯಾನನ್ನು ಅಲ್ಲೇ ಬಿಟ್ಟು, ಅಣ್ಣತಮ್ಮಂದಿರ ಪತ್ರಿಕೆಗಳನ್ನು ಬಗಲಿಗೆ ಸಿಕ್ಕಿಸಿಕೊಂಡು ನಡೆದುಹೋದಳು. ಇಸ್ತ್ರಿಯಕ್ಕ ಇಳಿದು ದಂಡೆಯಲ್ಲಿ ನಿಂತಳು. ಹೊಳೆ ಅಲ್ಲಿ ಮಡುಗಟ್ಟಿತ್ತು. ಆಚೆಗೆ ಕಟ್ಟಿಗೆಯ ರಾಶಿ, ಕೆಸರು ಮೆತ್ತಿದ್ದು, ಯಾರೋ ಅಚ್ಚುಕಟ್ಟಿಲ್ಲದವರು ಪೇರಿಸಿಟ್ಟಂತೆ. ನೀರಿನ ಮೇಲೆ ಒಂದು ಗೆರೆ ಮೂಡಿತು. ಗೆರೆಯ ತುದಿಯಲ್ಲಿ ಒಂದು ತಲೆ. ಆ ತಲೆ ದಂಡೆಗೆ ಬಂದು, ಮೈಯಾಗಿ, ಹೊಟ್ಟೆಯಾಗಿ, ನೀರು ಸೋರಿಸುತ್ತ ಮೇಲೆ ಹತ್ತಿತು. ಅಷ್ಟು ದೊಡ್ಡ ಹೆಗ್ಗಣವನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬಾಯಿಯಿಂದ ಒಂದು ಸಣ್ಣ ಶಬ್ದ ಹೊರಟಿತು. ಹೆಗ್ಗಣ ನೀರಿಗೆ ಬಿದ್ದು, ಬಾಲವನ್ನು ಫಟಾರನೆ ಬಡಿದು ಮುಳುಗಿತು.

ಸಂಜೆ ಇದನ್ನು ಅವಳು ಕೊನೆಗೆ ಹೇಳಿದಳು, ಅದೂ ನಾಚಿಕೊಂಡು. ಕ್ರೌಂಚ, ಮೂಸ್ ಎಂದೆಲ್ಲ ಹೇಳಿದ ಬಾಯಲ್ಲಿ ಹೆಗ್ಗಣದ ವಿಷಯವೇ?

"ಈ ದೇಶದಲ್ಲಿ ಹೆಗ್ಗಣಾನೂ ಉಂಡು ತೇಗಿದ ಹಾಗಿದೆ ನೋಡು. ಕುರಿಮರಿಯಷ್ಟಿತ್ತು."

"ಹೆಗ್ಗಣ? ಎಲ್ಲಿ?"

"ಹೊಳೇಲಿ. ಬಾಲ ನೋಡಬೇಕಿತ್ತು. ನಾವು ಹಿಂದೆ ಬಟ್ಟೆ ಬಡೀತಿದ್ವಲ್ಲ ಮರದ ಹಲಗೆ, ಅಚ್ಚು ಅದೇ. ಚಪ್ಪಟೆ. ನೀರಿಗೆ ಒಂದು ಬಡಿತ ಬಡೀತು ನೋಡು, ನನ್ನ ಎದೆ ಬಾಯಿಗೆ ಬಂತು."

ನಾದಿನಿ ಅತ್ತ ತಿರುಗಿದಳು. ಕಾಲು ನೋಯುತ್ತಿದೆಯೇ ಎಂದು ಇಸ್ತ್ರಿಯಕ್ಕ ಹತ್ತಿರ ಹೋದರೆ, ಅವಳು ದಿಂಬಿನಲ್ಲಿ ಮುಖ ಹುದುಗಿಸಿ ಅಲುಗಾಡುತ್ತಿದ್ದಳು. ಅಳುವೋ ನಗುವೋ ಗೊತ್ತಾಗಲಿಲ್ಲ. ಎರಡೂ ಇದ್ದವು.

"ಅತ್ತಿಗೆ, ಅದೇ ಕಣೇ ಬೀವರ್. ಅದನ್ನ ನೋಡೋಕೇ ಅಲ್ವಾ ನಾನು ಇಲ್ಲಿಗೆ ಬಂದದ್ದು. ಅದು ಇಲ್ಲೇ ಹೊಳೇಲಿದೆ. ನೀನು ಹೆಗ್ಗಣ ಅಂತೀಯ."

ಇಸ್ತ್ರಿಯಕ್ಕನಿಗೆ ತನ್ನದಲ್ಲದ ಪೊಟ್ಟಣವನ್ನು ತಾನು ಬಿಚ್ಚಿಬಿಟ್ಟಂತೆ ಕಸಿವಿಸಿಯಾಯಿತು. "ನಿನ್ನನ್ನ ಕರ್ಕೊಂಡು ಹೋಗ್ತೀನಿ" ಎಂದಳು.

"ಹೇಗೆ?"

"ಅದನ್ನ ನನಗೆ ಬಿಡು."

ಮರುದಿನ ಅವಳು ಒಡತಿಯ ಮುಂದೆ ಮೂಕಾಭಿನಯಕ್ಕೆ ನಿಂತಳು. ಹಲ್ಲು ಹೊರಗೆ ಚಾಚಿ ಕಟ್ಟಿಗೆ ಕಡಿದಂತೆ ಮಾಡಿದಳು, ಅಂಗೈಯಿಂದ ಮೇಜಿಗೆ ಬಡಿದಳು, ನಾದಿನಿ ಮಲಗಿದ್ದ ಕೋಣೆಯ ಕಡೆಗೆ ಕೈ ತೋರಿಸಿ ಒಂದು ಕಾಲಲ್ಲಿ ಕುಂಟಿದಳು. ಒಡತಿ ಮುಖದ ಒಂದು ಗೆರೆಯನ್ನೂ ಅಲುಗಿಸದೆ ಎಲ್ಲವನ್ನೂ ಕೊನೆಯವರೆಗೆ ನೋಡಿದಳು. ಬಳಿಕ ಕೊಟ್ಟಿಗೆಗೆ ಹೋಗಿ, ಹುಲ್ಲು ಸಾಗಿಸುವ ಎರಡು ಚಕ್ರದ ತಳ್ಳುಗಾಡಿಯನ್ನು ಎಳೆದು ತಂದು, ಅದರೊಳಗೆ ಎರಡು ದಿಂಬು ಎಸೆದಳು.

ಆ ದೇಶದಲ್ಲಿ ಊಟ ಮುಗಿದ ಮೇಲೂ ಬಹಳ ಹೊತ್ತು ಬೆಳಕು ಇರುತ್ತಿತ್ತು. ಆ ಬೆಳಕಿನಲ್ಲಿ ಇಸ್ತ್ರಿಯಕ್ಕ ಹಿಂದಿನಿಂದ ತಳ್ಳುತ್ತ, ಒಡತಿ ಮುಂದಿನಿಂದ ಎಳೆಯುತ್ತ ಹೊರಟರು. ನಾದಿನಿ ಗಾಡಿಯೊಳಗೆ ಪ್ಲಾಸ್ಟರ್ ಕಾಲನ್ನು ತೋಪಿನ ನಳಿಗೆಯಂತೆ ಮುಂದಕ್ಕೆ ಚಾಚಿಕೊಂಡು ಕೂತಿದ್ದಳು. ಹೊಳೆಯ ಹತ್ತಿರ ಕಾಲುವೆಯ ಮೇಲೆ ಇಕ್ಕಟ್ಟಾದ ಹಲಗೆಯ ಸೇತುವೆ. ಗಾಡಿ ಅಲ್ಲಿ ದಾಟದು. ಬೇಲಿಯ ಆಚೆಗಿಂದ ಅಣ್ಣ ಬಂದ, ಈಚೆಗಿಂದ ತಮ್ಮ ಬಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಗಾಡಿಯ ಒಂದೊಂದು ಬದಿ ಹಿಡಿದರು. ಅಣ್ಣ ಇಸ್ತ್ರಿಯಕ್ಕನ ಮುಖ ನೋಡಿ ಏನೋ ಹೇಳಿದ. ತಮ್ಮ ಅವಳ ಮುಖವನ್ನೇ ನೋಡಿ ಅದಕ್ಕೆ ಉತ್ತರ ಕೊಟ್ಟ. ಮತ್ತೆ ಅಣ್ಣ, ಮತ್ತೆ ತಮ್ಮ. ನಡುವೆ ನಿಂತ ಅವಳಿಗೆ ಒಂದು ಅಕ್ಷರವೂ ತಿಳಿಯದಿದ್ದರೂ ಇಬ್ಬರ ಮಾತಿಗೂ ಹೂಂ ಎನ್ನುತ್ತಿದ್ದಳು. ಗಾಡಿ ಎದ್ದಿತು, ದಾಟಿತು, ಇಳಿಯಿತು. ಮುದುಕರು ತಂತಮ್ಮ ಮನೆಗೆ ಹೋದರು. ಇನ್ನೇನು ರಾಜಿಯಾಗಿಬಿಡುತ್ತಾರೆ ಎಂದುಕೊಂಡಿದ್ದ ನಾದಿನಿಗೆ ನಿರಾಸೆಯಾಯಿತು. ಮರುದಿನ ಬೆಳಿಗ್ಗೆಯೂ ಪತ್ರಿಕೆ ಎರಡೇ ಹೋದವು.

ಮೊದಲ ಸಂಜೆ ಬೀವರ್ ಬರಲಿಲ್ಲ. ನಾದಿನಿ ಪಿಸುಮಾತಿನಲ್ಲಿ ಅದರ ಹಲ್ಲಿನ ಬಗ್ಗೆ, ತುಪ್ಪಳದ ಬಗ್ಗೆ, ಸಂಸಾರದ ಬಗ್ಗೆ ಹೇಳುತ್ತಲೇ ಇದ್ದಳು. "ನೀನು ಹೀಗೆ ಅದರ ಮನೆ ವಿಷಯ ಎಲ್ಲಾ ಬಯಲು ಮಾಡ್ತಿದ್ರೆ ಅದು ಯಾವ ಮುಖ ಇಟ್ಕೊಂಡು ಬರುತ್ತೆ?" ಎಂದಳು ಇಸ್ತ್ರಿಯಕ್ಕ. ನಾದಿನಿ ಬಾಯಿ ಮುಚ್ಚಿದಳು. ಸೊಳ್ಳೆಗಳು ಮಾತ್ರ ಬಂದವು. ಎರಡನೆಯ ಸಂಜೆಯೂ ಅಷ್ಟೇ. ಹೊರಡುವ ಹೊತ್ತಿಗೆ ಚಳಿ ಹತ್ತಿ, ಇಬ್ಬರೂ ಒಂದೇ ಕಂಬಳಿ ಹೊದ್ದು ಕೂತಿದ್ದರು. ಆಗ ನಾದಿನಿ, ನೀರನ್ನೇ ನೋಡುತ್ತ, ಹೇಳಿದಳು:

"ನೀನು ಬರೋಲ್ಲ ಅಂತೀಯ ಅಂದ್ಕೊಂಡೇ ಕೇಳಿದ್ದೆ ಕಣೇ. ನೀನು ಬರೋಲ್ಲ ಅಂದಿದ್ರೆ ನಾನೂ ಬರ್ತಿರಲಿಲ್ಲ. ಅತ್ತಿಗೆಯಿಂದ ತಪ್ಪಿಹೋಯ್ತು ಅಂತ ಹೇಳ್ಕೊಂಡು ಇರಬಹುದಿತ್ತು."

"ಅದನ್ನೂ ನನ್ನ ತಲೆಗೆ ಕಟ್ಟೋಕೆ ನೋಡಿದ್ಯಾ?"

"ಹೂಂ."

ಇಸ್ತ್ರಿಯಕ್ಕನಿಗೆ ಸಿಟ್ಟು ಬರಬೇಕಿತ್ತು. ಸಿಟ್ಟನ್ನು ಹುಡುಕಿದಳು, ಸಿಗಲಿಲ್ಲ. ಕಂಬಳಿಯ ತನ್ನ ಕಡೆಯ ತುದಿಯನ್ನು ಅವಳ ಕಾಲಿನ ಮೇಲೆ ಎಳೆದಳು.

ಮೂರನೆಯ ಸಂಜೆ ಅದು ಬಂತು. ಯಾವ ಸದ್ದೂ ಇಲ್ಲದೆ, ಮೊದಲೇ ಅಲ್ಲಿದ್ದಂತೆ. ದಂಡೆ ಹತ್ತಿ ಕೂತು, ಒಂದು ಎಳೆಯ ಕೊಂಬೆಯನ್ನು ಎರಡು ಕೈಗಳಲ್ಲಿ ಹಿಡಿದು, ಜೋಳದ ತೆನೆ ತಿನ್ನುವವರಂತೆ ತಿರುಗಿಸಿ ತಿರುಗಿಸಿ ತಿಂದಿತು. ಕರ ಕರ ಸದ್ದು ಇವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ತಿಂದು, ಮುಖ ಒರೆಸಿಕೊಂಡು, ಉಳಿದ ಬೆತ್ತಲೆ ಕಡ್ಡಿಯನ್ನು ಬಾಯಲ್ಲಿ ಕಚ್ಚಿ ನೀರಿಗಿಳಿದು ಕಟ್ಟೆಗೆ ಸಿಕ್ಕಿಸಿತು. ನಾದಿನಿ ದುರ್ಬೀನನ್ನು ಎತ್ತಲೇ ಇಲ್ಲ. ಅತ್ತಿಗೆಯ ತೋಳನ್ನು ಹಿಡಿದ ಹಿಡಿತ ಮಾತ್ರ ಬಿಗಿಯಾಗುತ್ತ ಹೋಗಿ, ಮರುದಿನ ಅಲ್ಲಿ ನೀಲಿ ಗುರುತು ಮೂಡಿತು.

ಹಿಂದಿರುಗಿ ಹಾಸಿಗೆಯಲ್ಲಿ ಮಲಗಿಸಿದ ಮೇಲೆ ನಾದಿನಿ, "ಪುಸ್ತಕದಲ್ಲಿ ಅದರ ಕಣ್ಣು ಇಷ್ಟು ಚಿಕ್ಕದು ಅಂತ ಗೊತ್ತಾಗೋಲ್ಲ" ಎಂದು, ಮಗುವಿನಂತೆ ನಿದ್ದೆ ಹೋದಳು. ಇಸ್ತ್ರಿಯಕ್ಕನಿಗೆ ಬೇಗ ನಿದ್ದೆ ಹತ್ತಲಿಲ್ಲ. ಸಂತೋಷವಾಗಿತ್ತು, ನಿಜ. ಅದರ ಜೊತೆಗೇ ಸಣ್ಣದೊಂದು ಹೊಟ್ಟೆಕಿಚ್ಚೂ ಇತ್ತು. ಇಷ್ಟು ದಿನ ಆ ಹೊಳೆ, ಆ ರಸ್ತೆ, ಆ ಸೀಟು ಎಲ್ಲ ತನ್ನೊಬ್ಬಳದೇ ಆಗಿದ್ದವು. ಹೆಗ್ಗಣವೂ ತನ್ನದೇ ಆಗಿತ್ತು. ಈಗ ಅದು ಬೀವರ್ ಆಗಿ ನಾದಿನಿಯ ಪಾಲಿಗೆ ಹೋಗಿತ್ತು. ಐವತ್ತು ದಾಟಿದ ಮೇಲೆ ಇಂಥದ್ದಕ್ಕೆಲ್ಲ ಕರುಬುವುದೇ ಎಂದು ತನ್ನನ್ನು ತಾನೇ ಬೈದುಕೊಂಡು ಮಗ್ಗಲು ಬದಲಿಸಿದಳು.

ಹೊರಡುವ ದಿನ ಅಂಚೆಯವಳು ಸಮವಸ್ತ್ರದ ಅಂಗಿಯನ್ನು ಕೊಟ್ಟು, ಬೇರೊಂದು ಹಾಕಿಕೊಂಡು ನಿಂತಳು. ತಾನೇ ಕೇಳಿದ್ದಲ್ಲ, ಇಸ್ತ್ರಿಯಕ್ಕ ಬಿಡಲಿಲ್ಲ. ಒಡತಿಯ ಹಳೆಯ ಇಸ್ತ್ರಿಪೆಟ್ಟಿಗೆಯಲ್ಲಿ ಕಾಲರು, ಹೆಗಲು, ತೋಳು ಎಂದು ಕ್ರಮವಾಗಿ ಒತ್ತಿ, ಬೇರೆ ಬಣ್ಣದ ದಾರದ ಗುಂಡಿಯನ್ನು ಕಿತ್ತು ಸರಿಯಾದ ದಾರದಲ್ಲಿ ಹೊಲಿದುಕೊಟ್ಟಳು. ಅಂಚೆಯವಳು ಅದನ್ನು ತೊಟ್ಟು, ವ್ಯಾನಿನ ಕನ್ನಡಿಯಲ್ಲಿ ನೋಡಿಕೊಂಡು, "ಈಗ ನಾನು ಮೇಲಧಿಕಾರಿ ಥರ ಕಾಣ್ತೀನಿ. ಯಾರೂ ಬಾಗಿಲು ತೆಗೆಯೋಲ್ಲ" ಎಂದಳು. ಇಬ್ಬರೂ ಒಬ್ಬರ ಬೆನ್ನು ಇನ್ನೊಬ್ಬರು ತಟ್ಟಿದರು.

ಊರಿಗೆ ಬಂದಮೇಲೆ ನಾದಿನಿ ತಿಂಗಳುಗಟ್ಟಲೆ ಔಷಧಿ ಅಂಗಡಿಯ ಗಿರಾಕಿಗಳಿಗೆ ಬೀವರ್ ಕಥೆ ಹೇಳಿದಳು. ತಲೆನೋವಿಗೆ ಮಾತ್ರೆ ಕೇಳಿದವರು ಕಥೆ ಕೇಳಿ ಇನ್ನೊಂದು ಮಾತ್ರೆ ಹೆಚ್ಚಿಗೆ ಒಯ್ಯುತ್ತಿದ್ದರು ಎಂದು ಅವಳ ಅಣ್ಣ ಛೇಡಿಸುತ್ತಿದ್ದ. ಇಸ್ತ್ರಿಯಕ್ಕನೋ, ಗಿರಾಕಿ ಬಂದು ನಿಂತರೆ ತಲೆಯೆತ್ತಿ ಮುಖ ನೋಡಲು ಶುರುಮಾಡಿದಳು. "ನಿಮ್ಮ ಕೆನ್ನೆ ಮೇಲೆ ಮಚ್ಚೆ ಇರೋದು ನಾನು ನೋಡೇ ಇರಲಿಲ್ಲ" ಎಂದು ಹಳೆಯ ಮೇಷ್ಟರೊಬ್ಬರಿಗೆ ಹೇಳಿ ಅವರನ್ನು ಗಾಬರಿಪಡಿಸಿದಳು. ಕಿಟಕಿಯ ಜಗಳ ಮುಂದುವರಿಯಿತು. ನಲ್ಲಿಯ ಹತ್ತಿರ ಮಾತ್ರ ಗೋಡೆಯ ಮಧ್ಯಸ್ಥಿಕೆ ಬೇಕಾಗಲಿಲ್ಲ.

ಮುಂದಿನ ವರ್ಷ, ಯಾರೂ ಕೇಳದಿದ್ದರೂ, ಅವಳೇ ಮಹಡಿ ಹತ್ತಿ, "ಈ ಸಲ ಎಲ್ಲಿಗೆ?" ಎಂದಳು.

ಆಮೇಲೆ ಅವರು ಬಿಟ್ಟೂ ಬಿಟ್ಟೂ ಹಲವು ದೇಶಗಳಿಗೆ ಹೋದರು. ಒಪ್ಪಂದ ಹೀಗೆ: ನಾದಿನಿ ತನ್ನ ಪಟ್ಟಿಯಲ್ಲಿದ್ದದ್ದನ್ನೆಲ್ಲ ಬಸ್ಸಿನಲ್ಲಿ ಸುತ್ತಿ ನೋಡಬೇಕು, ಇಸ್ತ್ರಿಯಕ್ಕ ಒಂದು ಹಳ್ಳಿ ಹಿಡಿದು ಅಲ್ಲೇ ಕೂರಬೇಕು, ಕೊನೆಯ ದಿನಗಳಲ್ಲಿ ಇಬ್ಬರೂ ಸೇರಿಕೊಂಡು ಕಂಡದ್ದನ್ನು ಹೇಳಿಕೊಳ್ಳಬೇಕು. ಹಳ್ಳಿ ಹಿಡಿದ ಮೇಲೆ ಅವಳು ಮೊದಲು ಹುಡುಕುತ್ತಿದ್ದದ್ದು ದಿನವೂ ಸುತ್ತು ಹೊಡೆಯುವ ಕೆಲಸದವರನ್ನು. ಒಂದು ಕಡೆ ಬ್ರೆಡ್ಡಿನ ಗಾಡಿಯವಳು ಸಿಕ್ಕಳು, ಇನ್ನೊಂದು ಕಡೆ ಕಾಲುವೆಯ ತೂಬು ತೆಗೆದು ಮುಚ್ಚುವವನು. ಅವರ ಪಕ್ಕದಲ್ಲಿ ಕೂತು, ಕೇಳಿದಾಗ ಕೈಯಾಸರೆ ಕೊಟ್ಟು, ಕೇಳದಿದ್ದಾಗ ಸುಮ್ಮನೆ ಹೊರಗೆ ನೋಡುತ್ತಿದ್ದಳು.

ಹೋದ ವರ್ಷ ಹೋದದ್ದು ಒಣ ಗುಡ್ಡಗಳ ದೇಶ. ಅಲ್ಲಿ ಅವಳಿಗೆ ಸಿಕ್ಕವನು ದನಗಳ ಡಾಕ್ಟರು. ಅವನ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಕಲ್ಲುದಾರಿಯಲ್ಲಿ ಏರುತ್ತಿರುವಾಗ, ಮೇಲಿನ ಬಂಡೆಯಿಂದ ಕಾಡುಮೇಕೆಗಳ ಹಿಂಡೊಂದು ಇಳಿದುಬಂತು. ಬಾಗಿದ ಕೊಂಬು, ಗಡ್ಡ, ಮುಖದಲ್ಲಿ ಮನೆ ಬಾಡಿಗೆ ಕೇಳಲು ಬಂದವರ ಗತ್ತು. ಡಾಕ್ಟರು ಜೀಪು ನಿಲ್ಲಿಸಿ, ಅವು ದಾಟುವವರೆಗೆ ಕಾಯುತ್ತ, "ನಿಮ್ಮ ಊರಲ್ಲಿ ನೀವು ಏನು ಕೆಲಸ ಮಾಡ್ತೀರಿ?" ಎಂದು ಕೇಳಿದ.

"ಬಟ್ಟೆ ಇಸ್ತ್ರಿ ಮಾಡ್ತೀನಿ."

ಅವನು ಬಗ್ಗಿ ತನ್ನ ಅಂಗಿಯನ್ನು ಒಂದು ಸಲ ನೋಡಿಕೊಂಡ. ಹೊಟ್ಟೆಯ ಹತ್ತಿರದ ಸುಕ್ಕನ್ನು ಕೈಯಿಂದ ಸವರಿದ, ಕಾಲರನ್ನು ಮೇಲಕ್ಕೆಳೆದುಕೊಂಡ.

"ಇರಲಿ ಬಿಡಿ. ಆ ಕೊನೇ ಮೇಕೆ ಕುಂಟ್ತಿದೆ ನೋಡಿ" ಎಂದಳು ಇಸ್ತ್ರಿಯಕ್ಕ.

ಅವನು ನೋಡಿದ. ನಿಜವಾಗಿಯೂ ಕುಂಟುತ್ತಿತ್ತು. ಆದರೂ ಬಂಡೆಯಿಂದ ಬಂಡೆಗೆ ಹಾರಿ, ಉಳಿದವುಗಳ ಜೊತೆಗೇ ಕೆಳಗಿನ ಹಳ್ಳಕ್ಕೆ ಇಳಿದುಹೋಯಿತು. ಡಾಕ್ಟರು ಜೀಪನ್ನು ಗೇರಿಗೆ ಹಾಕಿದ.